ಇಪ್ಪತ್ತೊಂದನೇ ಕೈ: ಮಾನಸಿಕ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ನಡೆದ ಮತದಾನ

ಪ್ರಕರಣ ಬಹಳ ಸಣ್ಣದು. ಅಮೆರಿಕದ ಆರೆಗಾನ್ ರಾಜ್ಯದ ಒಂದು ಮಾನಸಿಕ ಆಸ್ಪತ್ರೆ. ಅದರ ಒಂದು ವಾರ್ಡಿನಲ್ಲಿ 40 ಗಂಡಸರು. ಟಿವಿ ನೋಡಲು ಅವರಿಗೆ ಸಂಜೆ ಹೊತ್ತು ಸಮಯ ಕೊಟ್ಟಿದ್ದಾರೆ. ಕೆಲವು ದಿನದ ಮಟ್ಟಿಗೆ ಅದನ್ನು ಮಧ್ಯಾಹ್ನಕ್ಕೆ ಬದಲಾಯಿಸಿ ಎಂದು ಹೊಸದಾಗಿ ಬಂದ ರೋಗಿಯೊಬ್ಬ ಕೇಳುತ್ತಾನೆ. ಓಟಿಗೆ ಹಾಕುತ್ತಾರೆ. ಮೊದಲ ಸಲ ಸೋಲುತ್ತಾನೆ. ಎರಡನೇ ಸಲ ಗೆಲ್ಲುತ್ತಾನೆ. ಆದರೆ ಗೆದ್ದಿಲ್ಲ ಎಂದು ತೀರ್ಪಾಗುತ್ತದೆ.

ಇದು ನಡೆಯುವುದು ಕೆನ್ ಕೀಸಿ ಬರೆದ 'ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್' ಕಾದಂಬರಿಯಲ್ಲಿ. ಪುಸ್ತಕ ಬಂದಿದ್ದು 1962ರಲ್ಲಿ. ಈ ಕಾದಂಬರಿಯ ಮಾತು ಬಂದಾಗ ಜನ ಸೀದಾ ಕೊನೆಗೆ ಹಾರಿಬಿಡುತ್ತಾರೆ. ಮೆದುಳಿನ ಆಪರೇಷನ್, ಒಡೆದ ಕಿಟಕಿ, ಕತ್ತಲಲ್ಲಿ ಓಡಿಹೋಗುವ ದೈತ್ಯ. ಅವೆಲ್ಲ ಮನಸ್ಸಿನಲ್ಲಿ ನಿಲ್ಲುವ ದೃಶ್ಯಗಳೇ. ಆದರೆ ಆ ವಾರ್ಡಿನಲ್ಲಿ ಅಧಿಕಾರ ಹೇಗೆ ಕೆಲಸ ಮಾಡುತ್ತಿತ್ತು, ಅದು ಎಲ್ಲಿ ಬಿರುಕು ಬಿಟ್ಟಿತು ಎಂದು ತಿಳಿಯಬೇಕಾದರೆ ಮೊದಲ ಭಾಗದ ಕೊನೆಯಲ್ಲಿ ಬರುವ ಈ ಟಿವಿ ಜಗಳವನ್ನೇ ನೋಡಬೇಕು. ನಾಲ್ಕು ಭಾಗದ ಕಾದಂಬರಿಯಲ್ಲಿ ಉಳಿದ ಮೂರು ಭಾಗವೂ ಇದರ ಬಡ್ಡಿ ತೀರಿಸುವುದರಲ್ಲೇ ಹೋಗುತ್ತದೆ ಅನ್ನುವುದು ನನ್ನ ಓದು.

ವಾರ್ಡ್ ಎಂಥದ್ದು

ಕೀಸಿ ಇದನ್ನು ಸುಮ್ನೆ ಕೂತು ಕಲ್ಪಿಸಿದ್ದಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಬರವಣಿಗೆ ಕಲಿಯುತ್ತಿದ್ದಾಗ ಅವರು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ದುಡ್ಡಿಗಾಗಿ ಔಷಧ ಪ್ರಯೋಗಗಳಿಗೆ ಮೈ ಒಡ್ಡಿದರು. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಕೂಡ ಅದರಲ್ಲಿತ್ತು. ಆ ಪ್ರಯೋಗಗಳ ಹಿಂದೆ ಸಿಐಎ ಹಣವಿತ್ತು ಎನ್ನುವುದು ಎಷ್ಟೋ ಕಾಲದ ಮೇಲೆ ಹೊರಗೆ ಬಂತು. ಆಮೇಲೆ ಅದೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಹಾಯಕನ ಕೆಲಸಕ್ಕೆ ಸೇರಿದರು. ರೋಗಿಗಳ ಜೊತೆ ರಾತ್ರಿಗಳನ್ನು ಕಳೆದರು. ಕಾದಂಬರಿ ಹುಟ್ಟಿದ್ದು ಅಲ್ಲಿ.

ಆ ಕಾಲವನ್ನೂ ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಜನ ಇದ್ದರು. ಅದೇ ಗರಿಷ್ಠ. ಮನೋರೋಗಿಗಳನ್ನು ಶಾಂತಗೊಳಿಸುವ ಕ್ಲೋರ್‌ಪ್ರೊಮಝೀನ್ ಎಂಬ ಮಾತ್ರೆ 1954ರಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂದಿತ್ತು. ಮೆದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಲೊಬಾಟಮಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಅದನ್ನು ಶುರು ಮಾಡಿದ ಪೋರ್ಚುಗಲ್‌ನ ಎಗಾಸ್ ಮೋನಿಝ್ ಅವರಿಗೆ 1949ರಲ್ಲಿ ನೊಬೆಲ್ ಕೂಡ ಸಿಕ್ಕಿತ್ತು.

ಇದರ ನಡುವೆ ಒಂದು ಹೊಸ ಗಾಳಿಯೂ ಬೀಸುತ್ತಿತ್ತು. ರೋಗಿಗಳನ್ನು ಕೂಡಿಹಾಕುವ ಬದಲು ವಾರ್ಡನ್ನೇ ಒಂದು ಸಣ್ಣ ಸಮಾಜ ಮಾಡೋಣ, ದಿನವೂ ಸಭೆ ಸೇರಿ ಮಾತಾಡೋಣ, ತೀರ್ಮಾನವನ್ನು ರೋಗಿಗಳೂ ಸೇರಿ ತೆಗೆದುಕೊಳ್ಳಲಿ ಎನ್ನುವ ಆಲೋಚನೆ. ಬ್ರಿಟನ್‌ನ ಮನೋವೈದ್ಯ ಮ್ಯಾಕ್ಸ್‌ವೆಲ್ ಜೋನ್ಸ್ ಇದರ ದೊಡ್ಡ ವಕ್ತಾರ. 1960ರ ದಶಕದ ಆರಂಭದಲ್ಲಿ ಅವರು ಆರೆಗಾನ್‌ನ ಸೇಲಂ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಕೆಲಸ ಮಾಡಿದರು. ಮುಂದೆ ಈ ಕಾದಂಬರಿಯ ಸಿನಿಮಾ ಚಿತ್ರೀಕರಣವಾಗಿದ್ದೂ ಅದೇ ಆಸ್ಪತ್ರೆಯಲ್ಲಿ.

ಕಾದಂಬರಿಯ ವಾರ್ಡ್ ಕೂಡ ಈ ಹೊಸ ಪದ್ಧತಿಯ ವಾರ್ಡೇ. ಇದು ಮುಖ್ಯ. ಬೆತ್ತ ಹಿಡಿದ ಕಾವಲುಗಾರರ ಹಳೇ ಹುಚ್ಚಾಸ್ಪತ್ರೆ ಅಲ್ಲ. ಇಲ್ಲಿ ದಿನವೂ ಸಭೆ ಇದೆ. ರೋಗಿಗಳ ಸಮಿತಿ ಇದೆ, ಅದಕ್ಕೊಬ್ಬ ಅಧ್ಯಕ್ಷ ಇದ್ದಾನೆ. ಯಾರು ಏನು ಬೇಕಾದರೂ ಕೇಳಬಹುದು, ಚರ್ಚಿಸಬಹುದು, ಓಟು ಹಾಕಬಹುದು. ಡಾಕ್ಟರ್ ಸ್ಪೈವಿ ಈ ಸಿದ್ಧಾಂತವನ್ನು ಹೊಸಬರಿಗೆಲ್ಲ ಬಾಯಿಪಾಠದ ಹಾಗೆ ಒಪ್ಪಿಸುತ್ತಾನೆ.

ಕಾಗದದ ಮೇಲೆ ಹೀಗೆ. ಸಭೆಯಲ್ಲಿ ಆಗುತ್ತಿದ್ದುದು ಬೇರೆ. ನರ್ಸ್‌ಗಳ ಗಾಜಿನ ಕೋಣೆಯ ಪಕ್ಕ ಒಂದು ದಾಖಲೆ ಪುಸ್ತಕ ಇಟ್ಟಿರುತ್ತಾರೆ. ಜೊತೆಗಾರರ ಬಾಯಿಂದ ಬಿದ್ದ ಮಾತನ್ನು ರೋಗಿಗಳು ಅದರಲ್ಲಿ ಬರೆಯಬೇಕು. ಒಳ್ಳೆಯ ಸುದ್ದಿ ಬರೆದವನಿಗೆ ಹೆಸರಿನ ಮುಂದೆ ನಕ್ಷತ್ರ, ಮರುದಿನ ತಡವಾಗಿ ಏಳುವ ಭಾಗ್ಯ. ವಾರ್ಡಿನ ಮುಖ್ಯ ನರ್ಸ್ ರ‍್ಯಾಚೆಡ್ ಆ ಪುಸ್ತಕ ಹಿಡಿದು ಒಬ್ಬನ ಹೆಂಡತಿಯ ವಿಷಯವನ್ನೋ ಇನ್ನೊಬ್ಬನ ತಾಯಿಯ ವಿಷಯವನ್ನೋ ಸಭೆಯ ಮಧ್ಯೆ ಇಡುತ್ತಾಳೆ. ಉಳಿದವರು ಅವನ ಮೇಲೆ ಮುಗಿಬೀಳುತ್ತಾರೆ. ನಾಳೆ ತಮ್ಮ ಸರದಿ ಎಂದು ಗೊತ್ತಿದ್ದೂ ಬೀಳುತ್ತಾರೆ. ಆಕೆ ದನಿ ಎತ್ತುವುದೇ ಇಲ್ಲ. ಎತ್ತುವ ಅಗತ್ಯವೇ ಬಂದಿಲ್ಲ.

ಈ ಪ್ರಕರಣದ ಕೀಲಿ ಇಲ್ಲೇ ಇದೆ. ರ‍್ಯಾಚೆಡ್‌ಳ ಬಲ ಬೀಗದಲ್ಲಿ ಇರಲಿಲ್ಲ, ಶಾಕ್ ಮೆಷಿನ್‌ನಲ್ಲೂ ಪೂರ್ತಿ ಇರಲಿಲ್ಲ. ನಿಮಗೇನು ಬೇಕೋ ನೀವೇ ತೀರ್ಮಾನಿಸಿದ್ದೀರಿ ಎಂದು ಅವರನ್ನು ನಂಬಿಸುವುದರಲ್ಲಿತ್ತು.

ಯಾರು ಯಾರು

ರ‍್ಯಾಂಡಲ್ ಪ್ಯಾಟ್ರಿಕ್ ಮ್ಯಾಕ್‌ಮರ್ಫಿ ಹೊಸಬ. ಕೈದಿಗಳಿಂದ ಹೊಲದಲ್ಲಿ ದುಡಿಸುವ ಪೆಂಡಲ್‌ಟನ್ ಜೈಲಿನಿಂದ ಬಂದವನು. ಕೊರಿಯಾ ಯುದ್ಧದಲ್ಲಿ ಕಮ್ಯುನಿಸ್ಟರ ಸೆರೆಯಿಂದ ಸಂಗಡಿಗರನ್ನು ಬಿಡಿಸಿಕೊಂಡು ಬಂದು ಪದಕ ಪಡೆದ. ಆಮೇಲೆ ಮೇಲಿನವರ ಮಾತು ಕೇಳದ್ದಕ್ಕೆ ಸೈನ್ಯದಿಂದ ಹೊರಬಿದ್ದ. ಜಗಳಗಂಟ, ಜೂಜುಕೋರ. ಹುಚ್ಚು ಇದೆಯೋ ಇಲ್ಲವೋ, ಜೈಲಿನ ದುಡಿತಕ್ಕಿಂತ ಆಸ್ಪತ್ರೆಯ ಹಾಸಿಗೆ ವಾಸಿ ಎಂದು ಬಂದಿದ್ದಾನೆ. ಬಂದ ದಿನವೇ ಪಂದ್ಯ ಕಟ್ಟುತ್ತಾನೆ: ಒಂದು ವಾರದೊಳಗೆ ಆ ನರ್ಸ್ ತಾಳ್ಮೆ ಕಳೆದುಕೊಳ್ಳುವ ಹಾಗೆ ಮಾಡುತ್ತೇನೆ, ನಾನು ಮಾತ್ರ ಸಿಕ್ಕಿಬೀಳುವುದಿಲ್ಲ.

ಡೇಲ್ ಹಾರ್ಡಿಂಗ್ ರೋಗಿಗಳ ಸಮಿತಿಯ ಅಧ್ಯಕ್ಷ. ಕಾಲೇಜು ಓದಿದವನು, ಮಾತಿನಲ್ಲಿ ಚತುರ, ಒಳಗೆ ಪುಕ್ಕಲ. ಚೆಸ್ವಿಕ್ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ, ಹಿಂದೆ ಯಾರೂ ಇಲ್ಲ ಎಂದು ಗೊತ್ತಾದ ಕೂಡಲೇ ಕೂತುಬಿಡುತ್ತಾನೆ. ಬಿಲ್ಲಿ ಬಿಬಿಟ್ ತೊದಲುವ ಹುಡುಗ. ಇವರೆಲ್ಲ 'ಅಕ್ಯೂಟ್' ಗುಂಪಿನವರು. ಅಂದರೆ ವಾಸಿಯಾಗಬಹುದು ಎಂದು ಆಸ್ಪತ್ರೆ ಲೆಕ್ಕ ಹಾಕಿದವರು. ಅವರು 20 ಜನ. ಕೋಣೆಯ ಇನ್ನೊಂದು ಪಕ್ಕದಲ್ಲಿ 'ಕ್ರಾನಿಕ್'ಗಳು. ಆಸ್ಪತ್ರೆ ಆಸೆ ಬಿಟ್ಟವರು. ಗಾಲಿಕುರ್ಚಿಯಲ್ಲಿ ಇರುವವರು, ಗೋಡೆಗೆ ಮೊಳೆ ಹೊಡೆದ ಹಾಗೆ ಕೈ ಚಾಚಿ ನಿಂತವರು, ತಾವು ಎಲ್ಲಿದ್ದೇವೆ ಎಂದೇ ತಿಳಿಯದವರು.

ಇವರ ನಡುವೆ ಕಥೆ ಹೇಳುವ ಚೀಫ್ ಬ್ರಾಮ್ಡೆನ್. ಕೊಲಂಬಿಯಾ ನದಿಯ ದಂಡೆಯ ಮೂಲನಿವಾಸಿ ಮುಖಂಡನ ಮಗ. ಆರೂವರೆ ಅಡಿ ಮೀರಿದ ಎತ್ತರ, ಆದರೆ ತಾನು ಕುಗ್ಗಿಹೋಗಿದ್ದೇನೆ ಎಂದು ನಂಬಿದ್ದಾನೆ. ವಾರ್ಡಿನಲ್ಲಿ ಎಲ್ಲರಿಗಿಂತ ಹಳಬ. ಕಿವುಡ ಮೂಗನ ಹಾಗೆ ನಟಿಸುತ್ತಾನೆ, ಪೊರಕೆ ಹಿಡಿದು ನೆಲ ಗುಡಿಸುತ್ತಾನೆ. ಹಾಗಾಗಿ ಅವನ ಮುಂದೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ.

ಬೇಡಿಕೆ

ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಅಂತಿಮ ಸರಣಿ, ಶುರುವಾಗುತ್ತಿದೆ. ಆಗ ಅದರ ಪಂದ್ಯಗಳೆಲ್ಲ ಹಗಲಿನಲ್ಲೇ ನಡೆಯುತ್ತಿದ್ದವು. ರಾತ್ರಿ ದೀಪದ ಬೆಳಕಿನಲ್ಲಿ ಮೊದಲ ವರ್ಲ್ಡ್ ಸೀರೀಸ್ ಪಂದ್ಯ ನಡೆದಿದ್ದು 1971ರಲ್ಲಿ, ಕಾದಂಬರಿ ಬಂದು ಒಂಬತ್ತು ವರ್ಷದ ಮೇಲೆ. ವಾರ್ಡಿನ ಟಿವಿ ಸಮಯ ಸಂಜೆ. ಅಲ್ಲಿಗೆ ಆಟ ಮುಗಿದಿರುತ್ತದೆ. ಮ್ಯಾಕ್‌ಮರ್ಫಿ ಕೇಳುವುದು ಇಷ್ಟು: ಹಗಲಿನ ಗುಡಿಸು-ಒರೆಸು ಕೆಲಸವನ್ನು ಸಂಜೆ ಮಾಡುತ್ತೇವೆ, ಮಧ್ಯಾಹ್ನ ಟಿವಿ ಹಾಕಿ.

ಇದಕ್ಕೆ ಮೊದಲೇ ಅವನು ಒಂದು ಆಟ ಗೆದ್ದಿದ್ದ. ಸ್ಪೀಕರಿನ ಹಾಡಿನ ಗದ್ದಲದಲ್ಲಿ ಇಸ್ಪೀಟು ಆಡಲು ಆಗುವುದಿಲ್ಲ ಅಂತ ದೂರಿತ್ತು. ನರ್ಸ್ ಹತ್ತಿರ ಕೇಳದೆ ಡಾಕ್ಟರ್ ಜೊತೆ ಹಳೇ ಶಾಲೆಯ ಕಥೆ ಹೊಡೆದು, ಅವನ ಬಾಯಿಂದಲೇ ಹಳೇ ಸ್ನಾನದ ಕೋಣೆಯನ್ನು ಆಟಕ್ಕೆ ಬಿಟ್ಟುಕೊಡುವ ಮಾತು ಹೊರಡಿಸಿದ್ದ. ಸಿಬ್ಬಂದಿಯ ಕೊರತೆ ಎಂದಳು ನರ್ಸ್. ನಡೆಯಲಿಲ್ಲ. ಆಗಲೇ ಆಕೆ ಎಚ್ಚೆತ್ತುಕೊಂಡಿದ್ದಳು. ಟಿವಿ ಬೇಡಿಕೆ ಬರುವಾಗ ಅದು ಬರೀ ಟಿವಿ ವಿಷಯವಾಗಿ ಉಳಿದಿರಲಿಲ್ಲ.

ಮೊದಲ ಓಟು ನೀರಸ. ವೇಳಾಪಟ್ಟಿಯನ್ನು ಬಹಳ ಯೋಚಿಸಿ ಮಾಡಿದೆ, ಅದು ಕದಲಿದರೆ ಕೆಲವರಿಗೆ ತೊಂದರೆಯಾಗುತ್ತದೆ ಅನ್ನುತ್ತಾಳೆ ರ‍್ಯಾಚೆಡ್. ಓಟು ಬೇಡ ಅನ್ನುವುದಿಲ್ಲ. ಹಾಕಿ ಅನ್ನುತ್ತಾಳೆ. ಏಳುವ ಕೈಗಳು ಬೆರಳೆಣಿಕೆಯಷ್ಟು. ಉಳಿದವರು ತಮ್ಮ ಕೈಯನ್ನೇ ನೋಡಿಕೊಂಡು ಕೂರುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ಇದೇ ಜನ ಆಟ ನೋಡಬೇಕು ಎಂದು ಕುಣಿದಾಡಿದ್ದರು!

ಆಮೇಲೆ ಸ್ನಾನದ ಕೋಣೆಯಲ್ಲಿ ಮ್ಯಾಕ್‌ಮರ್ಫಿ ಅವರನ್ನು ಬೈಯುತ್ತಾನೆ. ಅವರಿಗೆ ನೆಪಗಳು ಬೇಕಾದಷ್ಟಿವೆ. ಅಲ್ಲೊಂದು ಕಂಟ್ರೋಲ್ ಪ್ಯಾನಲ್ ಇದೆ, ಉಕ್ಕು-ಸಿಮೆಂಟಿನ ಹೆಬ್ಬಂಡೆ. ಇದನ್ನು ಎತ್ತಿ ಕಿಟಕಿ ಒಡೆದು ಹೊರಗೆ ಹೋಗಿ ಪೇಟೆಯಲ್ಲಿ ಆಟ ನೋಡುತ್ತೇನೆ ಅನ್ನುತ್ತಾನೆ. ಪಂದ್ಯ ಕಟ್ಟಿಸಿಕೊಳ್ಳುತ್ತಾನೆ. ಎತ್ತಲು ಹೋಗಿ ಅಂಗೈ ಹರಿದುಕೊಳ್ಳುತ್ತಾನೆ, ಅದು ಅಲುಗುವುದಿಲ್ಲ. ಸೋತ ದುಡ್ಡಿನ ಚೀಟಿಗಳನ್ನು ಎಸೆದು ಹೊರಡುವಾಗ ಅವನು ಹೇಳುವುದು ಒಂದೇ: ಪ್ರಯತ್ನವನ್ನಾದರೂ ಮಾಡಿದೆನಲ್ಲ.

ಈ ಸೋಲನ್ನು ಬಹಳ ಜನ ಹೀರೋ ದೃಶ್ಯ ಎಂದು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆಗುವುದಿಲ್ಲ ಎಂದು ಗೊತ್ತಿದ್ದ ಕೆಲಸಕ್ಕೆ ಎಲ್ಲರ ಮುಂದೆ ಕೈ ಹಾಕಿ, ಎಲ್ಲರ ಮುಂದೆ ಸೋತು, ಅದರಿಂದ ಸಾಯದೆ ಎದ್ದು ಹೋದವನನ್ನು ಆ ವಾರ್ಡಿನ ಜನ ಅಲ್ಲಿಯವರೆಗೆ ನೋಡಿರಲೇ ಇಲ್ಲ. ಸೋತರೆ ಮುಗಿಯಿತು ಅನ್ನುವ ಭಯದ ಮೇಲೆ ಅವರ ಬದುಕು ನಿಂತಿತ್ತು. ಎರಡನೇ ಓಟಿಗೆ ಪ್ರಚಾರ ನಡೆದದ್ದು ಈ ಪ್ಯಾನಲ್ ಮುಂದೆ.

ಎರಡನೇ ಓಟು

ಮ್ಯಾಕ್‌ಮರ್ಫಿ ಮತ್ತೆ ವಿಷಯ ಎತ್ತುತ್ತಾನೆ. ಓಟು ಒಮ್ಮೆ ಆಗಿದೆಯಲ್ಲ ಎಂಬ ಮಾತು ಬರುತ್ತದೆ. ಇನ್ನೊಮ್ಮೆ ಆಗಲಿ ಅನ್ನುತ್ತಾನೆ. ನರ್ಸ್‌ಗೆ ಭಯವಿಲ್ಲ, ಲೆಕ್ಕ ಗೊತ್ತಿದೆ. ಈ ಸಲ ಕೈಗಳು ಒಂದೊಂದಾಗಿ ಏಳುತ್ತವೆ. ಚೀಫ್‌ನ ಕಣ್ಣಿಗೆ ವಾರ್ಡ್ ತುಂಬ ಮಂಜು. ಭಯ ಜಾಸ್ತಿಯಾದಾಗಲೆಲ್ಲ ಅವನಿಗೆ ಮಂಜು ಕಾಣುತ್ತದೆ. ಆ ಮಂಜಿನೊಳಗಿಂದ ಯಾರೋ ಜನರನ್ನು ಎಳೆದು ಹೊರಗೆ ತರುತ್ತಿರುವ ಹಾಗೆ ಅವನಿಗೆ ತೋರುತ್ತದೆ. ಅಕ್ಯೂಟ್‌ಗಳು 20 ಜನ, 20 ಕೈ. ಒಬ್ಬರೂ ಬಾಕಿಯಿಲ್ಲ.

ಆಗ ರ‍್ಯಾಚೆಡ್ ಹೇಳುತ್ತಾಳೆ: ಈ ವಾರ್ಡಿನಲ್ಲಿ ಇರುವುದು 40 ಜನ. ಓಟು ಬಿದ್ದಿರುವುದು 20. ನಿಯಮ ಬದಲಾಗಬೇಕಾದರೆ ಬಹುಮತ ಬೇಕು.

ಲೆಕ್ಕ ತಪ್ಪಿಲ್ಲ. 40ರಲ್ಲಿ 20 ಅಂದರೆ ಸರಿ ಅರ್ಧ, ಬಹುಮತಕ್ಕೆ 21 ಬೇಕು. ಆದರೆ ಉಳಿದ 20 ಯಾರು? ತಮ್ಮ ಹೆಸರೇ ತಿಳಿಯದ ಕ್ರಾನಿಕ್‌ಗಳು. ಅವರು ಯಾವ ಸಭೆಯಲ್ಲೂ ಮಾತಾಡಿದವರಲ್ಲ, ಅವರನ್ನು ಯಾರೂ ಏನೂ ಕೇಳಿದವರಲ್ಲ. ಇಷ್ಟು ದಿನ ಲೆಕ್ಕಕ್ಕೇ ಇಲ್ಲದವರು ಈ ಒಂದು ನಿಮಿಷಕ್ಕೆ ಮಾತ್ರ ಮತದಾರರಾದರು. ಕೈ ಎತ್ತದಿದ್ದರೆ ಬೇಡ ಎಂದರ್ಥ ಅನ್ನುವ ನಿಯಮ ಕೂಡ ಆ ಕ್ಷಣದಲ್ಲೇ ಹುಟ್ಟಿತು.

ಗಮನಿಸಬೇಕಾದ್ದು ಇನ್ನೊಂದಿದೆ. ಮೊದಲ ಓಟಿನಲ್ಲಿ ಈ 40ರ ಮಾತು ಏಳಲೇ ಇಲ್ಲ. ಏಳುವ ಅಗತ್ಯ ಇರಲಿಲ್ಲ, ತಾನಾಗಿಯೇ ಬಿದ್ದುಹೋಯಿತಲ್ಲ. ಎಲ್ಲಿಯವರೆಗೆ ಜನ ತಾವೇ ಸೋಲುತ್ತಾರೋ ಅಲ್ಲಿಯವರೆಗೆ ನಿಯಮ ಪುಸ್ತಕ ಮುಚ್ಚಿಯೇ ಇರುತ್ತದೆ. ಗೆಲ್ಲುವ ಹಾಗೆ ಕಂಡಾಗ ಯಾರಿಗೂ ಗೊತ್ತಿಲ್ಲದ ಪುಟವೊಂದು ತೆರೆದುಕೊಳ್ಳುತ್ತದೆ. ಸಂಘ-ಸಂಸ್ಥೆಗಳ ವಾರ್ಷಿಕ ಸಭೆಯಲ್ಲಿ ಒಮ್ಮೆಯಾದರೂ ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಮ್ಯಾಕ್‌ಮರ್ಫಿ ಇಲ್ಲಿ ಜಗಳ ಆಡಬಹುದಿತ್ತು. ಕ್ರಾನಿಕ್‌ಗಳನ್ನು ಸೇರಿಸುವುದು ಅನ್ಯಾಯ ಎಂದು ವಾದಿಸಬಹುದಿತ್ತು. ಒಂದಷ್ಟು ಗೊಣಗಿ ಅವನು ಬೇರೆ ದಾರಿ ಹಿಡಿಯುತ್ತಾನೆ. ಸರಿ, 40 ಅಂದರೆ 40. ಬೇಕಿರುವುದು ಇನ್ನೊಂದೇ ಕೈ ತಾನೇ? ಕ್ರಾನಿಕ್‌ಗಳ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಕೇಳುತ್ತಾನೆ. ಪೀಟ್ ಬ್ಯಾನ್ಸಿನಿ ಸುಸ್ತಾಗಿದೆ ಅನ್ನುತ್ತಾನೆ, ಅವನ ಬಾಯಿಗೆ ಬರುವುದು ಅದೊಂದೇ ಮಾತು. ಕರ್ನಲ್ ಮ್ಯಾಟರ್ಸನ್ ತನ್ನ ಲೋಕದಲ್ಲಿ ಏನೋ ಪಾಠ ಹೇಳುತ್ತಿದ್ದಾನೆ. ಗೋಡೆಗೆ ಅಂಟಿದ ಎಲ್ಲಿಸ್‌ಗೆ ಕೇಳಿಸುವುದೇ ಇಲ್ಲ. ಸಾಲು ಮುಗಿಯುತ್ತಾ ಬರುತ್ತದೆ. ಕೊನೆಗೆ ಉಳಿದವನು ಚೀಫ್.

ಚೀಫ್‌ನ ಕೈ ಏಳುತ್ತದೆ.

ಮೊದಲು ಅವನು ಓದುಗರಿಗೆ ಹೇಳುವುದು ಬೇರೆ: ಮ್ಯಾಕ್‌ಮರ್ಫಿ ನನ್ನ ಕೈಗೆ ಏನೋ ಮಾಡಿದ್ದಾನೆ, ತಂತಿ ಕಟ್ಟಿ ಎಳೆಯುತ್ತಿದ್ದಾನೆ, ನಾನು ತಡೆದರೂ ನಿಲ್ಲುತ್ತಿಲ್ಲ. ಮರುಕ್ಷಣದಲ್ಲೇ ಅದು ನಿಜವಲ್ಲ, ನಾನೇ ಎತ್ತಿದೆ ಎಂದು ತಿದ್ದಿಕೊಳ್ಳುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತಿ ದೊಡ್ಡ ಘಟನೆ ಅನ್ನಿಸುವುದು ಈ ತಿದ್ದುಪಡಿ. ಎಲ್ಲವನ್ನೂ ಯಾವುದೋ ಯಂತ್ರ ನಡೆಸುತ್ತಿದೆ ಎಂದು ನಂಬಿದ್ದ ಮನುಷ್ಯ ಒಂದು ಕೆಲಸವನ್ನು ತನ್ನ ಹೆಸರಿಗೆ ಬರೆದುಕೊಂಡ.

ಅಷ್ಟರಲ್ಲಿ ಸಭೆ ಮುಗಿದಿದೆ ಎಂದು ನರ್ಸ್ ಘೋಷಿಸಿಯಾಗಿತ್ತು. ಇಪ್ಪತ್ತೊಂದನೇ ಕೈ ಎದ್ದಾಗ ಸಭೆಯೇ ಇರಲಿಲ್ಲ.

ಚೀಫ್ ಕಿವುಡನಾದ ಕಥೆ

ಆ ಕೈಯ ತೂಕ ತಿಳಿಯಬೇಕಾದರೆ ಚೀಫ್‌ನ ಬಾಲ್ಯಕ್ಕೆ ಹೋಗಬೇಕು. ಅವನ ಜನ ನದಿಯ ಜಲಪಾತದಲ್ಲಿ ಸಾಲ್ಮನ್ ಮೀನು ಹಿಡಿದು ಬದುಕುತ್ತಿದ್ದರು. ಅಲ್ಲಿ ಸರ್ಕಾರಕ್ಕೆ ಅಣೆಕಟ್ಟು ಬೇಕಿತ್ತು. ಇದಕ್ಕೆ ನಿಜದ ನೆಲೆ ಇದೆ: ಕೊಲಂಬಿಯಾ ನದಿಯ ಸೆಲೈಲೊ ಜಲಪಾತ 1957ರ ಮಾರ್ಚ್ 10ರಂದು ದಿ ಡಾಲ್ಸ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಎಷ್ಟೋ ಸಾವಿರ ವರ್ಷದ ಮೀನುಗಾರಿಕೆಯ ಜಾಗ ಅದು.

ಕಾದಂಬರಿಯಲ್ಲಿ ಹುಡುಗ ಚೀಫ್ ಮನೆಯ ಹತ್ತಿರ ಇದ್ದಾಗ ಮೂವರು ಬಿಳಿಯರು ಬರುತ್ತಾರೆ. ಅವನ ಎದುರಿಗೇ ಅವನ ಮನೆಯನ್ನು, ಜನರನ್ನು ಆಡಿಕೊಳ್ಳುತ್ತಾರೆ. ಅವನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ. ಅವರಿಗೆ ಕೇಳಿಸುವುದೇ ಇಲ್ಲ. ಕೇಳಿಸಿದರೂ ಕೇಳಿಸಲಿಲ್ಲ. ಮುಖಂಡನಾದ ಅಪ್ಪನ ಹತ್ತಿರ ಮಾತಾಡುವ ಬದಲು ಬಿಳಿಯಳಾದ ತಾಯಿಯ ಮೂಲಕ ಕೆಲಸ ಸಾಧಿಸೋಣ ಎಂದು ಅಲ್ಲೇ ತೀರ್ಮಾನಿಸಿ ಹೊರಟುಬಿಡುತ್ತಾರೆ. ಅಲ್ಲೂ ಎಲ್ಲವೂ ಕ್ರಮಬದ್ಧ. ಮಾತುಕತೆ, ಒಪ್ಪಂದ, ಪರಿಹಾರದ ಹಣ, ಸಹಿ. ಮಾತು ಯಾರಿಗೂ ಬೇಡವಾದ ಮೇಲೆ ಹುಡುಗ ಮಾತು ಬಿಟ್ಟ. ವಾರ್ಡಿನ ಸಭೆಯಲ್ಲಿ ಅವನಿಗೆ ಹೊಸದೇನೂ ಕಾಣಲಿಲ್ಲ. ಇದನ್ನು ಅವನು ಚಿಕ್ಕಂದಿನಲ್ಲೇ ನೋಡಿದ್ದ.

ಒಂದು ಜೊತೆ ಕೈ

20 ಕೈ ಒಟ್ಟಿಗೆ ಎದ್ದದ್ದು ಹೇಗೆ? ಮೊದಲ ಓಟಿಗೂ ಎರಡನೇ ಓಟಿಗೂ ನಡುವೆ ಬೇಸ್‌ಬಾಲ್ ಮೇಲೆ ಅವರ ಪ್ರೀತಿಯೇನೂ ಹೆಚ್ಚಾಗಲಿಲ್ಲ.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗ ಇಲ್ಲಿ ಸಹಾಯಕ್ಕೆ ಬರುತ್ತದೆ. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ. ಸುತ್ತಲಿದ್ದವರೆಲ್ಲ ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಒಬ್ಬಂಟಿ ಮನುಷ್ಯ ಕಣ್ಣಿಗೆ ಸರಿ ಕಂಡದ್ದನ್ನು ಬಿಟ್ಟು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಜೊತೆ ಹೋಗುತ್ತಾನೆ. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಈ ಜಾರುವಿಕೆ ಮೊದಲಿದ್ದುದರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಉತ್ತರವನ್ನು ಬಾಯಲ್ಲಿ ಹೇಳದೆ ಗುಟ್ಟಾಗಿ ಬರೆದುಕೊಡಲು ಬಿಟ್ಟಾಗಲೂ ಇಳಿಯುತ್ತದೆ.

ವಾರ್ಡಿನಲ್ಲಿ ಗುಟ್ಟಿನ ಓಟು ಇಲ್ಲ. ಕೈ ಎತ್ತಬೇಕು, ನರ್ಸ್ ಕಣ್ಣ ಮುಂದೆ ಎತ್ತಬೇಕು. ಇದು ಕಡೆಗಣಿಸುವ ವಿವರವಲ್ಲ. ಮುಕ್ತ ಸಭೆಯ ಹೆಸರಿನಲ್ಲಿ ಅವರನ್ನು ಹಿಡಿದಿಟ್ಟಿದ್ದೇ ಈ ಕೈ ಎತ್ತುವ ಪದ್ಧತಿ. ತಮಾಷೆ ಎಂದರೆ ಅದೇ ಪದ್ಧತಿ ಎರಡನೇ ಸಲ ತಿರುಗಿ ಹೊಡೆಯಿತು. ಗುಟ್ಟಿನ ಓಟಾಗಿದ್ದರೆ 20 ಚೀಟಿ ಬರುತ್ತಿತ್ತೇನೋ, ಆದರೆ ಪಕ್ಕದವನ ಕೈ ಎದ್ದಿದ್ದನ್ನು ಯಾರೂ ನೋಡುತ್ತಿರಲಿಲ್ಲ. ನೋಡಿದ್ದೇ ಅವರಿಗೆ ಔಷಧಿಯಾಯಿತು.

ನರ್ಸ್ ಪರವಾಗಿ

ಕಾದಂಬರಿ ರ‍್ಯಾಚೆಡ್‌ಗೆ ನ್ಯಾಯ ಮಾಡಿದೆ ಎಂದು ನಾನು ಹೇಳಲಾರೆ. ಗಂಡಸರನ್ನು ಕುಗ್ಗಿಸುವ ಹೆಂಗಸರು, ಇಲ್ಲವೇ ಗಂಡಸರನ್ನು ಖುಷಿಪಡಿಸುವ ಹೆಂಗಸರು, ಈ ಎರಡು ಬಿಟ್ಟು ಕೀಸಿ ಕೈಯಲ್ಲಿ ಹೆಣ್ಣು ಪಾತ್ರಗಳಿಗೆ ಹೆಚ್ಚು ಜಾಗ ಇಲ್ಲ. ಕಪ್ಪು ಸಹಾಯಕರ ಚಿತ್ರಣವಂತೂ ಇವತ್ತು ಓದಲು ಕಷ್ಟ. ಅಣೆಕಟ್ಟಿನಲ್ಲಿ ಮುಳುಗಿದವರ ನೋವು ಕಂಡ ಲೇಖಕನಿಗೆ ಇದು ಕಾಣಲಿಲ್ಲ. ಮ್ಯಾಕ್‌ಮರ್ಫಿಯೂ ಸಂತನಲ್ಲ. ಆಟ ನೋಡುವ ಆಸೆ, ಪಂದ್ಯದ ದುಡ್ಡು, ಎರಡೂ ಈ ಓಟಿನಲ್ಲಿ ಅವನಿಗೆ ಲಾಭವೇ.

ಆಕೆಯ ಜಾಗದಲ್ಲಿ ನಿಂತು ನೋಡಿದರೆ ವೇಳಾಪಟ್ಟಿಯ ವಾದದಲ್ಲಿ ಹುರುಳಿಲ್ಲದೇ ಇಲ್ಲ. 40 ರೋಗಿಗಳು, ಕೆಲವೇ ಸಿಬ್ಬಂದಿ. ದಿನಚರಿ ಕೆಟ್ಟರೆ ದಿಕ್ಕೆಡುವ ರೋಗಿಗಳು ನಿಜಕ್ಕೂ ಇರುತ್ತಾರೆ. ಆದರೆ ಕೇಳಿದ್ದು ಕೆಲವೇ ದಿನಗಳ ಅದಲು ಬದಲು. ಸರಿ, ಈ ಒಂದು ಸಲ ನೋಡಿಕೊಳ್ಳಿ ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು? ಓಟು ಕೆಲಸ ಮಾಡುತ್ತದೆ ಎಂದು ಎಲ್ಲರೂ ನಂಬುತ್ತಿದ್ದರು. ಆಕೆಯ ಸಭೆಗೆ ಇನ್ನಷ್ಟು ಮರ್ಯಾದೆ ಬರುತ್ತಿತ್ತು. ಮ್ಯಾಕ್‌ಮರ್ಫಿ ಆಟ ನೋಡಿ ಮಲಗುತ್ತಿದ್ದ. ಉಗುರಿನಲ್ಲಿ ಹೋಗುವುದಕ್ಕೆ ಆಕೆ ಕೊಡಲಿ ಎತ್ತಿಕೊಂಡಳು.

ಆದರೆ ಆಕೆಯ ಹೆದರಿಕೆ ಟಿವಿಯದ್ದಲ್ಲ. ಒಂದು ಸಲ ತಮ್ಮ ಓಟಿನಿಂದ ಏನೋ ಬದಲಾಯಿತು ಎಂದು ತಿಳಿದ ಮೇಲೆ ಆ ಜನ ಮುಂದಿನ ಸಲ ಏನು ಕೇಳುತ್ತಾರೋ ಎಂಬುದು. ಆ ದೃಷ್ಟಿಯಿಂದ ಆಕೆಯ ಅಂದಾಜು ಸರಿಯಾಗಿಯೇ ಇತ್ತು.

ಖಾಲಿ ಪರದೆ

ಆಟದ ಹೊತ್ತಿಗೆ ಮ್ಯಾಕ್‌ಮರ್ಫಿ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡು ಟಿವಿ ಮುಂದೆ ಕೂರುತ್ತಾನೆ. ಚಿತ್ರ ಬಂದು ಆಟ ಶುರುವಾಗುತ್ತಿದೆ. ಗಾಜಿನ ಕೋಣೆಯೊಳಗಿಂದ ರ‍್ಯಾಚೆಡ್ ಕರೆಂಟ್ ತೆಗೆಯುತ್ತಾಳೆ. ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅವನು ಏಳುವುದಿಲ್ಲ. ಏನೂ ಆಗಿಲ್ಲ ಎಂಬಂತೆ ಆ ಖಾಲಿ ಪರದೆಯನ್ನೇ ನೋಡುತ್ತಾ ಕೂತಿರುತ್ತಾನೆ. ನೀನು ಇಲ್ಲಿ ನಮ್ಮ ಅಧೀನದಲ್ಲಿದ್ದೀಯ ಎಂದು ಆಕೆ ನೆನಪಿಸುತ್ತಾಳೆ. ಹಾರ್ಡಿಂಗ್ ಬಂದು ಪಕ್ಕದಲ್ಲಿ ಕೂರುತ್ತಾನೆ. ಆಮೇಲೆ ಚೆಸ್ವಿಕ್, ಬಿಲ್ಲಿ, ಸ್ಕ್ಯಾನ್‌ಲನ್, ಉಳಿದವರೂ. ಪೊರಕೆ, ಬಟ್ಟೆ ಬಿದ್ದಲ್ಲೇ ಬಿದ್ದಿವೆ.

ಆಗ ಆಕೆ ಕೂಗುತ್ತಾಳೆ. ಶಿಸ್ತು, ಕ್ರಮ, ಪರಿಣಾಮ ಎಂದು ಅವರ ಬೆನ್ನ ಹಿಂದೆ ನಿಂತು ಕಿರುಚುತ್ತಾಳೆ. ಹೊರಗಿನಿಂದ ಯಾರಾದರೂ ಬಂದು ಈ ದೃಶ್ಯ ನೋಡಿದ್ದರೆ ಎಲ್ಲರಿಗೂ ಹುಚ್ಚು ಅಂದುಕೊಳ್ಳುತ್ತಿದ್ದರು ಎಂದು ಚೀಫ್ ಹೇಳುವುದರೊಂದಿಗೆ ಮೊದಲ ಭಾಗ ಮುಗಿಯುತ್ತದೆ. ಮ್ಯಾಕ್‌ಮರ್ಫಿ ಪಂದ್ಯ ಗೆದ್ದ ಹಾಗಾಯಿತು. ಅವನ ವಿರುದ್ಧ ಪಂದ್ಯ ಕಟ್ಟಿ ಸೋತವರು ಅವನ ಪಕ್ಕದಲ್ಲೇ ಖುಷಿಯಾಗಿ ಕೂತಿದ್ದಾರೆ.

ಅಧಿಕಾರ ಸೋತಿದ್ದು ಇಲ್ಲಿ, ಓಟಿನಲ್ಲಲ್ಲ. ಓಟಿನಲ್ಲಿ ನರ್ಸ್ ಗೆದ್ದಿದ್ದಳು. ಆದರೆ ಇಷ್ಟು ದಿನ ನೀವೇ ತೀರ್ಮಾನಿಸಿದ್ದೀರಿ ಎನ್ನುತ್ತಿದ್ದವಳು ತನ್ನ ಕೈಯಿಂದ ಸ್ವಿಚ್ ಆರಿಸಬೇಕಾಯಿತು. ಪರದೆಯ ಹಿಂದಿದ್ದ ಕೈ ಎಲ್ಲರಿಗೂ ಕಂಡಿತು.

1975ರಲ್ಲಿ ಮಿಲೋಸ್ ಫೋರ್ಮನ್ ಮಾಡಿದ ಸಿನಿಮಾದಲ್ಲಿ ಲೆಕ್ಕ ಬೇರೆ: ವಾರ್ಡಿನಲ್ಲಿ 18 ಜನ, ಎದ್ದಿದ್ದು 9 ಕೈ. ಚೀಫ್ ಸೇರಿ 10 ಆದಾಗ, ಸಭೆ ಮುಗಿದಾಗ 9-9 ಇತ್ತು ಅನ್ನುತ್ತಾಳೆ ನರ್ಸ್. ಖಾಲಿ ಪರದೆಯ ಮುಂದೆ ಮ್ಯಾಕ್‌ಮರ್ಫಿ ಪಾತ್ರದ ಜ್ಯಾಕ್ ನಿಕೋಲ್ಸನ್ ಪರದೆಯಲ್ಲಿ ಕಾಣದ ಆಟಕ್ಕೆ ಕಾಮೆಂಟರಿ ಹೇಳುತ್ತಾನೆ, ಎಲ್ಲರೂ ಕುಣಿಯುತ್ತಾರೆ. ಅದ್ಭುತ ನಟನೆ, ಒಪ್ಪಿದೆ. ಐದು ದೊಡ್ಡ ಆಸ್ಕರ್‌ಗಳೂ ಆ ಸಿನಿಮಾಕ್ಕೆ ಬಂದವು. ಆದರೂ ನನಗೆ ಪುಸ್ತಕದ ಮೌನವೇ ಹೆಚ್ಚು ಹಿಡಿಸುತ್ತದೆ. ಸಿನಿಮಾದಲ್ಲಿ ಒಬ್ಬನ ಮಾತಿಗೆ ಜನ ಸೇರುತ್ತಾರೆ. ಪುಸ್ತಕದಲ್ಲಿ ಯಾರೂ ಕರೆಯುವುದಿಲ್ಲ, ಮನರಂಜನೆಯೂ ಇಲ್ಲ. ಒಬ್ಬೊಬ್ಬರಾಗಿ ತಾವೇ ಬಂದು ಕೂರುತ್ತಾರೆ.

ಆಮೇಲೆ

ಬೆಲೆ ಕೊಡಬೇಕಾಯಿತು. ಮ್ಯಾಕ್‌ಮರ್ಫಿಯನ್ನು ಉಗ್ರ ರೋಗಿಗಳ ವಾರ್ಡಿಗೆ ಕಳಿಸೋಣ ಎಂದು ಸಿಬ್ಬಂದಿ ಹೇಳುತ್ತಾರೆ. ಬೇಡ ಅನ್ನುತ್ತಾಳೆ ರ‍್ಯಾಚೆಡ್. ಕಳಿಸಿದರೆ ಅವನು ಹುತಾತ್ಮನಾಗುತ್ತಾನೆ. ಇಲ್ಲೇ ಇರಲಿ, ಅವನು ಎಷ್ಟು ದಿನ ಇರಬೇಕು ಎನ್ನುವುದು ನಮ್ಮ ಕೈಯಲ್ಲೇ ಇದೆಯಲ್ಲ. ಕಿರುಚಿದ ಮರುದಿನಗಳಲ್ಲೇ ಈ ಲೆಕ್ಕಾಚಾರ. ಸುಲಭದ ಎದುರಾಳಿಯಲ್ಲ.

ಈ ಸತ್ಯ ಈಜುಕೊಳದಲ್ಲಿ ಇನ್ನೊಬ್ಬ ರೋಗಿಯಿಂದ ಮ್ಯಾಕ್‌ಮರ್ಫಿಗೂ ತಿಳಿಯುತ್ತದೆ. ಜೈಲಿನ ಶಿಕ್ಷೆಗೆ ಕೊನೆ ದಿನ ಇತ್ತು, ಇಲ್ಲಿ ಇಲ್ಲ. ಅವನು ಮೆತ್ತಗಾಗುತ್ತಾನೆ. ಸಿಗರೇಟಿನ ವಿಷಯಕ್ಕೆ ಚೆಸ್ವಿಕ್ ಸಭೆಯಲ್ಲಿ ಎದ್ದು ನಿಂತಾಗ ಪಕ್ಕದಲ್ಲಿ ಯಾರೂ ಇಲ್ಲ. ಕೆಲವು ದಿನದಲ್ಲಿ ಚೆಸ್ವಿಕ್ ಅದೇ ಕೊಳದಲ್ಲಿ ಮುಳುಗಿ ಸಾಯುತ್ತಾನೆ. ಎತ್ತಿದ ಕೈಯನ್ನು ನಾಯಕನೇ ಇಳಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕೀಸಿ ಇಷ್ಟು ಕಟುವಾದ ಉತ್ತರ ಕೊಡುತ್ತಾರೆ.

ಆಮೇಲೆ ಗೊತ್ತಾಗುವ ವಿಷಯ ಮ್ಯಾಕ್‌ಮರ್ಫಿಯನ್ನು ಬೆಚ್ಚಿಬೀಳಿಸುತ್ತದೆ, ಓದುಗರನ್ನೂ. ಆ 20 ಅಕ್ಯೂಟ್‌ಗಳಲ್ಲಿ ಬಲವಂತದ ಆದೇಶದ ಮೇಲೆ ಇರುವವರು ಅವನು ಮತ್ತು ಸ್ಕ್ಯಾನ್‌ಲನ್ ಬಿಟ್ಟರೆ ಯಾರೂ ಇಲ್ಲ. ಹಾರ್ಡಿಂಗ್, ಬಿಲ್ಲಿ, ಉಳಿದವರೆಲ್ಲ ತಾವಾಗಿ ಸೇರಿಕೊಂಡವರು. ಬಯಸಿದ ದಿನ ಸಹಿ ಹಾಕಿ ಹೊರಗೆ ಹೋಗಬಹುದು. ಟಿವಿ ಸಮಯಕ್ಕೆ ಕೈ ಎತ್ತಲು ನಡುಗಿದವರು ಬಾಗಿಲು ತೆರೆದುಕೊಂಡು ಹೋಗಬಹುದಾದ ಜನ! ಹಾಗಾದರೆ ಯಾಕೆ ಇದ್ದೀರಿ ಎಂದು ಕೇಳಿದಾಗ ಬಿಲ್ಲಿ ಅಳುತ್ತಾನೆ. ನಮಗೇನು ಇಲ್ಲಿ ಇರಲು ಆಸೆಯೇ? ನಮಗೆ ಹೊರಗೆ ಹೋಗುವ ಧೈರ್ಯ ಇಲ್ಲ ಅನ್ನುತ್ತಾನೆ.

ಟಿವಿ ದಂಗೆಗೆ ಶಿಕ್ಷೆ ವಾರಗಳ ನಂತರ ಬರುತ್ತದೆ. ಸ್ನಾನದ ಕೋಣೆಯ ಇಸ್ಪೀಟಾಟ ಬಂದ್. ಆ ಸಭೆಯಲ್ಲೇ ಮ್ಯಾಕ್‌ಮರ್ಫಿ ಎದ್ದು ಹೋಗಿ ನರ್ಸ್ ಕೋಣೆಯ ಗಾಜಿಗೆ ಕೈ ತೂರಿಸಿ ತನ್ನ ಸಿಗರೇಟು ಪ್ಯಾಕ್ ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: ಮೀನು ಬೇಟೆ, ಶಾಕ್, ರಾತ್ರಿಯ ಪಾರ್ಟಿ, ಬಿಲ್ಲಿಯ ಸಾವು, ಲೊಬಾಟಮಿ.

ಕೊನೆಯ ಪುಟಗಳಲ್ಲಿ ಚೀಫ್ ಒಂದು ಸಣ್ಣ ಲೆಕ್ಕ ಕೊಡುತ್ತಾನೆ. ಸೆಫೆಲ್ಟ್ ಮತ್ತು ಫ್ರೆಡ್ರಿಕ್ಸನ್ ಎಂಬ ಇಬ್ಬರು ರೋಗಿಗಳು ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಒಟ್ಟಿಗೆ ಹೋದರು. ಎರಡು ದಿನದ ಮೇಲೆ ಇನ್ನೂ ಮೂವರು. ಆರು ಜನ ಬೇರೆ ವಾರ್ಡಿಗೆ ಬದಲಾದರು. ಸಮಿತಿಯ ಅಧ್ಯಕ್ಷ ಹಾರ್ಡಿಂಗ್, ಹಿಂದೊಮ್ಮೆ ರಾತ್ರೋರಾತ್ರಿ ಓಡಿಹೋಗುವ ಅವಕಾಶ ಬಂದಾಗ ಒಪ್ಪಿರಲಿಲ್ಲ. ಹೋಗುವುದಾದರೆ ಎಲ್ಲ ಕಾಗದಪತ್ರ ಮುಗಿಸಿ, ಮುಂಬಾಗಿಲಿನಿಂದ, ಹೆಂಡತಿ ಕಾರು ತಂದು ನಿಂತಿರುವಾಗ ಹೋಗುತ್ತೇನೆ ಅಂದಿದ್ದ. ಅವನು ಫಾರಂ ತುಂಬಿ ಸಹಿ ಹಾಕಿದ. ಹೆಂಡತಿ ಬಂದು ಕರೆದುಕೊಂಡು ಹೋದಳು.